ಬಾರದವರ ಐವತ್ತು ನಿಮಿಷ

ಜೂನ್ ೩, ಸೋಮವಾರ

ಹದಿನಾಲ್ಕು ವರ್ಷದಿಂದ, ಬಂದವರಿಗೆಲ್ಲ 'ದಿನಚರಿ ಬರೆಯಿರಿ, ಮನಸ್ಸು ಹಗುರಾಗುತ್ತದೆ' ಎಂದು ಉಪದೇಶ ಮಾಡಿಕೊಂಡು ಬಂದಿರುವ ಆಪ್ತಸಲಹೆಗಾರ ಮಹಾಶಯರು ಇಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ತಮ್ಮ ಮೊದಲ ಸಾಲು ಬರೆಯುತ್ತಿದ್ದಾರೆ. ಅಡುಗೆಯವನು ತನ್ನ ಅಡುಗೆಯನ್ನು ತಾನೇ ಉಣ್ಣಲು ಕೂತ ಗಳಿಗೆ. ಏನಾಗುತ್ತದೋ ನೋಡಬೇಕು.

ನೋಟ್‌ಬುಕ್ ತಂದುಕೊಟ್ಟವಳು ಹೆಂಡತಿ. ತಂದುಕೊಟ್ಟಳು ಎಂದರೆ ತಂಗಿಯ ಕೈಲಿ ತರಿಸಿಕೊಟ್ಟಳು; ಅವಳು ಮನೆಯಿಂದಾಚೆ ಕಾಲಿಟ್ಟು ಮೂರು ತಿಂಗಳಾಯಿತು.

"ಊರವರಿಗೆಲ್ಲ ಬರೀರಿ ಬರೀರಿ ಅಂತೀರಲ್ಲ, ನೀವು ಒಂದು ಸಾಲಾದ್ರೂ ಬರೆದಿದೀರೇನ್ರೀ?" ಎಂದಳು.

"ನನಗೆ ಬರೆಯೋ ಅಂಥದ್ದು ಏನಿದೆ?"

"ಅದನ್ನೇ ಬರೀರಿ."

ವೃತ್ತಿಧರ್ಮದ ಪ್ರಕಾರ ಈ ಪುಸ್ತಕದಲ್ಲಿ ಯಾರ ಹೆಸರೂ ಇರುವುದಿಲ್ಲ. ಬಸ್ಸಿನಲ್ಲಿ ಮರೆತುಹೋದರೆ ಅರ್ಧ ಊರಿನ ಮಾನ ಡಿಪೋ ಸೇರುತ್ತದೆ. ಹೆಂಡತಿಗೂ ಅದೇ ನ್ಯಾಯ. ಮೂವತ್ತು ವರ್ಷ ಪಠ್ಯಪುಸ್ತಕಗಳ ಕರಡು ತಿದ್ದಿದವಳಾದ್ದರಿಂದ ಅವಳು ಪ್ರೂಫಮ್ಮ. ಮದುವೆಯಾದ ವರ್ಷದಿಂದಲೂ ಚಾಲ್ತಿಯಲ್ಲಿರುವ ಬಿರುದು ಅದು.

ಒಬ್ಬರಿಗೆ ಐವತ್ತು ನಿಮಿಷ. ಗಂಟೆಯ ಉಳಿದ ಹತ್ತು ನಿಮಿಷ ನನ್ನದು. ಅದರಲ್ಲಿ ನೀರು ಕುಡಿಯಬೇಕು, ದಿಂಬು ತಟ್ಟಿ ಇಡಬೇಕು, ಹಿಂದಿನವರ ದುಃಖವನ್ನು ಕಿಟಕಿಯಿಂದಾಚೆ ಕಳಿಸಬೇಕು. ಇನ್ನು ಮೇಲೆ ಇದನ್ನೂ ಬರೆಯಬೇಕು. ಮನೆಗೆ ಒಯ್ದು ಬರೆಯುವುದಿಲ್ಲ. ಮನೆಯಲ್ಲಿ ಸದ್ದು.

ಜೂನ್ ೫, ಬುಧವಾರ

ನಮ್ಮ ಮಹಡಿಯಲ್ಲಿ ಮೂರು ಬಾಗಿಲು. ಒಂದು ಹಲ್ಲಿನ ಡಾಕ್ಟರದು, ಒಂದು ಆಡಿಟರದು, ಒಂದು ನನ್ನದು. ಮೂವರಿಗೂ ಸೇರಿ ಒಬ್ಬಳೇ ಸ್ವಾಗತಕಾರಿಣಿ. ಹಲ್ಲುನೋವಿನವರನ್ನು ನನ್ನ ಬಳಿಗೂ ಮನೋವ್ಯಥೆಯವರನ್ನು ಡ್ರಿಲ್ಲಿನ ಬಳಿಗೂ ಅವಳು ಇದುವರೆಗೆ ಕಳಿಸಿಲ್ಲ ಎಂಬುದೇ ದೊಡ್ಡದು.

"ಸರ್, ಡೆಂಟಿಸ್ಟ್ ಸರ್ ಕರಪತ್ರ ಮಾಡ್ಸಿದಾರೆ, ಬಣ್ಣದ್ದು. ನಿಮ್ದೂ ಒಂದು ಬೇಕು. ಜನ ಬಂದು ಕೇಳ್ತಾರೆ, ಒಳಗೆ ಏನ್ ಮಾಡ್ತಾರೆ ಅಂತ. ನಾನೇನ್ ಹೇಳ್ಲಿ?"

"ಏನ್ ಹೇಳ್ತಿದೀಯ ಈಗ?"

"ಮಾತಾಡ್ತಾರೆ ಅಂತೀನಿ. ಅಷ್ಟಕ್ಕೇನಾ ಅಂತಾರೆ."

ಮೂರು ತಲೆಬರಹ ಬೇಕಂತೆ: ನನ್ನ ಹಿನ್ನೆಲೆ, ನನ್ನ ವಿಧಾನ, ನನ್ನ ಕೋಣೆ. ಹಿನ್ನೆಲೆಯಿಂದ ಆರಂಭಿಸಿದೆ.

'ಶ್ರೀಯುತರು ದೂರವಾಣಿ ಕಚೇರಿಯ ದೂರು ವಿಭಾಗದಲ್ಲಿ ಹದಿನೇಳು ವರ್ಷ ಬೈಸಿಕೊಂಡ ಅನುಭವವುಳ್ಳವರು.' ಇದು ಸತ್ಯ. ಲೈನು ಸತ್ತಿದೆ ಎಂದು ಫೋನು ಮಾಡಿದವರು ಬೈದು ಮುಗಿಸಿ, ಉಸಿರು ಬಿಟ್ಟು, ಆಮೇಲೆ ಮಗನ ವಿಷಯ, ಅತ್ತಿಗೆಯ ವಿಷಯ, ಮನೆ ಬಿಟ್ಟುಹೋದವರ ವಿಷಯ ತೆಗೆಯುತ್ತಿದ್ದರು. ನಾನು 'ಹೂಂ' ಅನ್ನುತ್ತಿದ್ದೆ. ಸಂಜೆ ಬಂದು ಅದನ್ನೆಲ್ಲ ಹೇಳಿದರೆ ಪ್ರೂಫಮ್ಮ ಒಂದು ದಿನ ಪೆನ್ಸಿಲು ಕೆಳಗಿಟ್ಟು, "ಬೈಸಿಕೊಳ್ಳೋಕೂ ಒಂದು ಡಿಗ್ರಿ ಇದೆಯಂತೆ. ಓದಿಬಿಡಿ" ಎಂದಳು. ನಲವತ್ತರ ಮೇಲೆ ಓದಿದೆ. ನನ್ನ ಪ್ರಬಂಧದ ಇನ್ನೂರ ಹದಿನೆಂಟು ಪುಟಗಳನ್ನೂ ಅವಳು ತಿದ್ದಿದಳು. ಈ ಊರಿನ ಸಂಕಟಗಳಿಗೆ ನಾನು ಕಿವಿಯಾದದ್ದು ಅವಳ ಕೈಚಳಕ. ಕರಪತ್ರದಲ್ಲಿ ಇದೆಲ್ಲ ಬೇಡ. 'ಅಪಾರ ಅನುಭವ' ಎಂದರೆ ಸಾಕು.

ಜೂನ್ ೧೧, ಮಂಗಳವಾರ

ನನ್ನ ವಿಧಾನ.

ಮೊದಲ ಪಾಠ: ಕೇಳಿದ್ದಕ್ಕೆ ನೇರ ಉತ್ತರ ಕೊಡಬಾರದು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಾಲೇಜಿನಲ್ಲಿ ಎರಡು ವರ್ಷ ಕಲಿಸುತ್ತಾರೆ. 'ನಾನು ಗಂಡನನ್ನ ಬಿಡ್ಲಾ?' ಎಂದು ಕೇಳಿದರೆ, 'ಬಿಡುವುದು ಎಂಬ ಮಾತು ನಿಮಗೆ ಹೇಗನ್ನಿಸುತ್ತದೆ?' ಎನ್ನಬೇಕು. ಎರಡನೆಯದು: ಅಳುವವರನ್ನು ಮುಟ್ಟಬಾರದು, ಟಿಶ್ಯೂ ಡಬ್ಬವನ್ನು ಎರಡು ಬೆರಳಿನಿಂದ ಅವರತ್ತ ತಳ್ಳಬೇಕು. ಮೂರನೆಯದು: ಗಡಿಯಾರ ಅವರ ಬೆನ್ನ ಹಿಂದಿನ ಗೋಡೆಯಲ್ಲಿರಬೇಕು, ಕತ್ತು ತಿರುಗಿಸದೆ ನಮಗೆ ಕಾಣಬೇಕು. ಐವತ್ತನೆಯ ನಿಮಿಷಕ್ಕೆ, ಅವರು ಪ್ರಪಾತದ ಅಂಚಿನಲ್ಲಿದ್ದರೂ, ಮೃದುವಾಗಿ 'ಇವತ್ತಿಗೆ ಇಷ್ಟು ಸಾಕು' ಎನ್ನಬೇಕು. ಇದು ಕ್ರೌರ್ಯದಂತೆ ಕಾಣುತ್ತದೆ. ಮುಗಿಯುತ್ತದೆ ಎಂದು ಗೊತ್ತಿದ್ದರೇ ಜನ ಬಾಯಿ ಬಿಡುತ್ತಾರೆ ಎಂಬುದು ಶಾಸ್ತ್ರ.

ಇನ್ನೊಂದು ನನ್ನ ಗುರುಗಳದ್ದು. ಬಾಯಲ್ಲಿ ಒಂದೂ ಹಲ್ಲಿಲ್ಲದ ಆ ಮುದುಕರು ಹೇಳುತ್ತಿದ್ದರು: "ಹೊತ್ತು ಕೊಟ್ಟ ಮೇಲೆ ಅವರು ಬರದೇ ಹೋದ್ರೂ ನೀನು ಎದ್ದು ಹೋಗ್ಬಾರ್ದು ಕಣಯ್ಯ. ಬಾರದವರ ಐವತ್ತು ನಿಮಿಷವೂ ಅವರದೇ. ಬಾಗಿಲು ತೆಗೆದಿಟ್ಟು ಕೂತಿರು." ಪಾಲಿಸುತ್ತೇನೆ. ಪದಬಂಧ ಬಿಡಿಸಲು ಅನುಕೂಲ.

ಮನೆಗೆ ಉಸಿರಿನ ಯಂತ್ರ ಬಂದು ಎರಡು ವಾರವಾಯಿತು. ಹಗಲೂ ಇರುಳೂ 'ಗುರ್ರ್' ಎಂದು ದೊಡ್ಡ ಬೆಕ್ಕಿನಂತೆ ಹಾಸಿಗೆಯ ಪಕ್ಕ ಕೂತಿರುತ್ತದೆ. ಅದರಿಂದ ಒಂದು ನಳಿಗೆ ಪ್ರೂಫಮ್ಮನ ಮೂಗಿಗೆ. ಶ್ವಾಸಕೋಶದ ಡಾಕ್ಟರು ನನ್ನೊಬ್ಬನನ್ನೇ ತಮ್ಮ ಕೋಣೆಗೆ ಕರೆಸಿಕೊಂಡು, "ಇನ್ನು ಆಸ್ಪತ್ರೆಗೆ ಸೇರಿಸೋದು ಬೇಡ. ಹೆಚ್ಚಂದ್ರೆ ಎರಡು ತಿಂಗಳು. ನೀವು ಹತ್ರ ಇರಿ, ಅಷ್ಟೆ" ಎಂದರು. ನಾನು ತಲೆಯಾಡಿಸಿದೆ. ಅವರ ಗೋಡೆಗಡಿಯಾರವೂ ರೋಗಿಯ ಕುರ್ಚಿಯ ಹಿಂದೆಯೇ ಇರುವುದನ್ನು ಗಮನಿಸಿದೆ. ಒಳ್ಳೆಯ ಪದ್ಧತಿ.

ನೋಡಿಕೊಳ್ಳಲು ನಾದಿನಿ ಬಂದಿದ್ದಾಳೆ. ನಿವೃತ್ತ ನರ್ಸು, ಗಟ್ಟಿಗಿತ್ತಿ. ಆ ಕೋಣೆಯಲ್ಲಿ ನನಗೆ ಮಾಡುವ ಕೆಲಸವೇ ಇಲ್ಲ.

ಜೂನ್ ೧೯, ಬುಧವಾರ

ಕರಪತ್ರದ ಕರಡು ಬರೆದು ಪ್ರೂಫಮ್ಮನಿಗೆ ಕೊಟ್ಟಿದ್ದೆ. ಅವಳಿಗೂ ಹೊತ್ತು ಹೋಗಲಿ ಎಂದು. ಇವತ್ತು ಬೆಳಿಗ್ಗೆ ನಾದಿನಿಯ ಕೈಲಿ ವಾಪಸು ಬಂತು. ಅಲ್ಪವಿರಾಮಗಳನ್ನು ಕಳೆ ಕಿತ್ತಂತೆ ಕಿತ್ತಿದ್ದಾಳೆ. 'ಅಪಾರ' ಹೊಡೆದುಹಾಕಿದ್ದಾಳೆ. ಒಂದು ಸಾಲಿನ ಪಕ್ಕದಲ್ಲಿ ಮಾತ್ರ ತಿದ್ದುಪಡಿಯಿಲ್ಲ, ಬರೀ ಪ್ರಶ್ನೆಚಿಹ್ನೆ. ಸಾಲು ಇದು:

'ನೊಂದವರ ಜೊತೆ ಸುಮ್ಮನೆ ಕೂರುವುದೇ ನನ್ನ ವಿಧಾನ.'

ಹೊರಡುವ ಮುನ್ನ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಇಲ್ಲಿ ಕಾಗುಣಿತ ಏನು ತಪ್ಪಿದೆ?" ಎಂದೆ.

"ಕಾಗುಣಿತ ಸರಿಯಾಗಿದೆ."

"ಮತ್ತೆ?"

ಅವಳು ಉಸಿರು ಎಳೆದುಕೊಂಡಳು. ಈಗ ಅವಳ ಒಂದೊಂದು ವಾಕ್ಯಕ್ಕೂ ಮುಂಚೆ ಒಂದು ಸಣ್ಣ ತಯಾರಿ ಇರುತ್ತದೆ. "ಅದು ನಮ್ಮ ಕಡೆ ರೂಢಿ. ಲೇಖಕರು ಹೇಳಿದ್ದು ನಿಜವೋ ಅಲ್ಲವೋ ಅಂತ ಅನುಮಾನ ಬಂದ್ರೆ ಹಾಕ್ತೀವಿ. ಸಂಗತಿ ಪರಿಶೀಲಿಸಿ, ಅಂತ."

ಪ್ರೂಫಮ್ಮನ ಹಾಸ್ಯಪ್ರಜ್ಞೆಗೆ ಕಾಯಿಲೆ ತಗಲಿಲ್ಲ ಎಂಬುದು ಸಮಾಧಾನ. ಕರಡನ್ನು ಅವಳ ಮೇಜಿನ ಮೇಲೇ ಬಿಟ್ಟುಬಂದೆ, ಇನ್ನೊಮ್ಮೆ ನೋಡಲಿ ಎಂದು. ಹತ್ತೂವರೆಯವರು ಕಾಯುತ್ತಿದ್ದರು.

ಜೂನ್ ೨೭, ಗುರುವಾರ

ನನ್ನ ಕೋಣೆ. ಈ ತಲೆಬರಹದ ಬಗ್ಗೆ ಎಂಟು ದಿನದಿಂದ ಗಂಭೀರ ಚಿಂತನೆ ನಡೆದಿದೆ.

ಮೊದಲು ಇದು ಕನ್ನಡಕದ ಅಂಗಡಿ. ಹೋಗುವಾಗ ಅವರು ಗೋಡೆಯ ಕನ್ನಡಿಯನ್ನು ಬಿಟ್ಟುಹೋದರು. ಅತ್ತವರು ಹೊರಗೆ ಹೋಗುವ ಮುಂಚೆ ಅದರಲ್ಲಿ ಮುಖ ನೋಡಿಕೊಂಡು, ಏನೂ ಆಗಿಲ್ಲ ಎಂಬ ಮುಖವನ್ನು ಹಾಕಿಕೊಂಡು ಹೋಗುತ್ತಾರೆ. ಉಳಿದಂತೆ ಟ್ಯೂಬ್‌ಲೈಟು, ಎರಡು ಕಬ್ಬಿಣದ ಕುರ್ಚಿ, ಒಂದು ಟಿಶ್ಯೂ ಡಬ್ಬ. ಪೊಲೀಸ್ ಠಾಣೆಗೂ ಇದಕ್ಕೂ ವ್ಯತ್ಯಾಸ ಟಿಶ್ಯೂ ಒಂದೇ. ಸ್ವಾಗತಿಸುವ ಕೋಣೆ ಎಂದು ಅಚ್ಚು ಹಾಕಿಸಬೇಕಾದರೆ ಸ್ವಲ್ಪವಾದರೂ ಸ್ವಾಗತ ಇರಬೇಕಲ್ಲ. ಅದಕ್ಕೆ ಮನೆಯಿಂದ ಪ್ರೂಫಮ್ಮನ ಮೇಜುದೀಪ ತಂದೆ. ಹಸಿರು ಗಾಜಿನ ತೊಪ್ಪಿ, ಹಳದಿ ಬೆಳಕು. ಅವಳು ಈಗ ಓದುವುದು ಕಡಿಮೆ.

ತೆಗೆದುಕೊಳ್ಳುವಾಗ ಕೇಳಿದೆ. "ಒಯ್ಯಿರಿ. ದೀಪದ ಬುಡ ಹ್ಯಾಗೂ ಕತ್ತಲೆ" ಎಂದಳು.

ಮೂರು ಗಂಟೆಗೆ ಬರುವ ಲಿಫ್ಟ್ ರಿಪೇರಿಯವರು ದೀಪ ನೋಡಿ, "ಚೆನ್ನಾಗಿದೆ ಸರ್. ಮನೆ ತರ ಅನ್ಸತ್ತೆ" ಎಂದರು. ಹೆಂಡತಿ ತೀರಿಕೊಂಡು ವರ್ಷವಾದವರು. ವಾರವಾರವೂ ಮೊದಲ ಐದು ನಿಮಿಷ ನಮ್ಮ ಕಟ್ಟಡದ ಲಿಫ್ಟಿನ ಬಗ್ಗೆ ದುಃಖಿಸುತ್ತಾರೆ. ಅದು ಕೆಟ್ಟು ಮೂರು ವರ್ಷ. "ನಲವತ್ನಾಲ್ಕು ಮೆಟ್ಲು ಸರ್. ನೋವಿರೋರು ಹತ್ತೋ ಜಾಗವಾ ಇದು? ಮಾಲೀಕರನ್ನ ಕೇಳಿ, ನಾನೇ ಸರಿಮಾಡ್ತೀನಿ." ಲಿಫ್ಟಿನ ಬಗ್ಗೆ ಮಾತಾಡುವುದು ನಿಜವಾದ ವಿಷಯದಿಂದ ತಪ್ಪಿಸಿಕೊಳ್ಳುವ ದಾರಿ ಎಂದು ಟಿಪ್ಪಣಿ ಮಾಡಿಕೊಂಡೆ.

ಜುಲೈ ೨, ಮಂಗಳವಾರ

ಜಮಖಾನ ತಂದೆ. ಮನಿಪ್ಲಾಂಟಿನ ಕುಂಡ ತಂದೆ. ಇವತ್ತು ಆಟೋದ ಮೇಲೆ ಹಗ್ಗ ಕಟ್ಟಿ ಬೆತ್ತದ ಕುರ್ಚಿಯನ್ನೂ ತಂದಾಯಿತು. ಪ್ರೂಫಮ್ಮ ಕೂತು ಕರಡು ತಿದ್ದುತ್ತಿದ್ದ ಕುರ್ಚಿ. ಎಡ ತೋಳಿನ ಬೆತ್ತ ಅವಳ ಮೊಣಕೈಗೆ ಸವೆದು ನುಣುಪಾಗಿದೆ. ಅವಳೀಗ ಹಾಸಿಗೆಯಲ್ಲೇ ಇರುವುದರಿಂದ ಕುರ್ಚಿ ಸುಮ್ಮನೆ ಬಿದ್ದಿತ್ತು. ಹಾಸಿಗೆಯ ಪಕ್ಕದಲ್ಲೇ ಇದ್ದದ್ದರಿಂದ ನಾದಿನಿ ಆಗಾಗ ಅದನ್ನು ತೋರಿಸಿ, "ಕೂತ್ಕೊಳ್ಳಿ ಭಾವ" ಅನ್ನುತ್ತಿದ್ದಳು. ಇನ್ನು ಆ ತೊಂದರೆ ಇಲ್ಲ.

ಕುರ್ಚಿ ಎತ್ತುವಾಗ ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಮಂಚ ಯಾವಾಗ ಒಯ್ತೀರಿ, ಭಾವ?"

ನಾದಿನಿಯರಿಗೆ ತಮಾಷೆಯ ಹಕ್ಕು ಹುಟ್ಟಿನಿಂದ ಬಂದದ್ದು. ನಕ್ಕೆ.

ಹಲ್ಲಿನ ಡಾಕ್ಟರು ಇಣುಕಿ ನೋಡಿ ಕರುಬಿದರು. "ನನ್ನ ಹತ್ರ ಬಾಯಿ ತೆಗೆದವರು ಓಡಿಹೋಗಕ್ಕೆ ನೋಡ್ತಾರೆ. ಇಲ್ಲಿಗೆ ಬಂದವರು ಏಳೋದೇ ಇಲ್ವಲ್ರೀ!"

ಜುಲೈ ೯, ಮಂಗಳವಾರ

ಚಪ್ಪಲಿ, ಟವೆಲು, ಕ್ಷೌರದ ಡಬ್ಬ ಈಗ ಆಫೀಸಿನ ಮೇಜಿನ ಕೆಳಗಿನ ಖಾನೆಯಲ್ಲಿ. ಬೆಳಿಗ್ಗೆ ಬೇಗ ಬಂದುಬಿಡುತ್ತೇನೆ. ಈ ಕೋಣೆ ಎಷ್ಟು ನಿಶ್ಶಬ್ದ ಎಂದರೆ ಮನಿಪ್ಲಾಂಟು ನೀರು ಕುಡಿಯುವುದು ಕೇಳುತ್ತದೆ.

ಭಾನುವಾರಕ್ಕೂ ಇಬ್ಬರಿಗೆ ಹೊತ್ತು ಕೊಟ್ಟೆ. ಪಾಪ, ನೊಂದವರು.

ಜುಲೈ ೧೫, ಸೋಮವಾರ

ಲಿಫ್ಟ್ ರಿಪೇರಿಯವರು ಇವತ್ತು ಊರಾಚೆ ಕೆಲಸವಿದೆ ಎಂದು ಮೊದಲೇ ಬಂದರು. ಬಂದವರು ಲಿಫ್ಟಿನ ಮಾತೆತ್ತಲಿಲ್ಲ. ಬೆತ್ತದ ಕುರ್ಚಿಯ ನುಣುಪು ತೋಳನ್ನು ಉಜ್ಜುತ್ತ ಕೂತು, ಹತ್ತು ನಿಮಿಷದ ಮೇಲೆ ಹೇಳಿದರು:

"ಅವಳಿಗೆ ಜಾಸ್ತಿಯಾದ ಕೊನೆ ತಿಂಗಳು ನಾನು ಓವರ್‌ಟೈಮ್ ಕೇಳಿ ಹಾಕಿಸ್ಕೊಂಡೆ ಸರ್. ಯಾರೂ ಹಾಕಿದ್ದಲ್ಲ, ನಾನೇ ಕೇಳಿದ್ದು. ಲಿಫ್ಟಿನ ಬಾವಿಯೊಳಗೆ ಕೇಬಲ್ ಹಿಡ್ಕೊಂಡು ನೇತಾಡ್ತಾ ಇದ್ರೆ ಆರಾಮ ಅನ್ಸೋದು. ಅಲ್ಲಿ ಕೆಟ್ಟಿದ್ದು ಏನು ಅಂತ ಗೊತ್ತಿರತ್ತೆ, ಸರಿಮಾಡಕ್ಕೂ ಬರತ್ತೆ."

"ಹೂಂ."

"ಅವಳು ಏನೂ ಅನ್ಲಿಲ್ಲ. ಅದೇ ಸರ್ ಕೊರಗು. ಒಂದು ಸಲ ಬೈದಿದ್ರೆ..."

ಐವತ್ತು ನಿಮಿಷವಾಯಿತು. ನಿಲ್ಲಿಸಿದೆ. ಅಮೂಲ್ಯವಾದ ಮಾತು. ಮನುಷ್ಯ ತನಗೆ ಸರಿಮಾಡಲಾಗದ ಜಾಗದಿಂದ ಸರಿಮಾಡಬಲ್ಲ ಜಾಗಕ್ಕೆ ಓಡುತ್ತಾನೆ. ಓಡುತ್ತಿದ್ದೇನೆ ಎಂಬುದು ಅವನಿಗೇ ತಿಳಿಯುವುದಿಲ್ಲ. ಸಲಹೆಗಾರರ ಸಮ್ಮೇಳನದಲ್ಲಿ ಇದರ ಮೇಲೆ ಒಂದು ಪ್ರಬಂಧ ಓದಬಹುದು. ಪ್ರೂಫಮ್ಮನಿಗೆ ತಿದ್ದಲು ಕೊಡಬೇಕು.

ಹೊರಡುವಾಗ ಅವರು ಸ್ವಾಗತದ ಮೇಜಿನ ಬಳಿ ತುಂಬ ಹೊತ್ತು ಮಾತಾಡುತ್ತ ನಿಂತಿದ್ದರು. ಏನು ಗುಟ್ಟೋ.

ಜುಲೈ ೧೮, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಬಂದಾಗ ಲಿಫ್ಟು ನಡೆಯುತ್ತಿತ್ತು. ಮಾಲೀಕರಿಗೆ ಬುದ್ಧಿ ಬಂತೆಂದುಕೊಂಡು ಹತ್ತಿ ಬಂದೆ. ಪುಸ್ತಕದಲ್ಲಿ ನಾಲ್ಕು ಗಂಟೆಯ ಎದುರು ಸ್ವಾಗತಕಾರಿಣಿಯ ಅಕ್ಷರ: 'ಹೊಸಬರು. ಮಹಿಳೆ. ಗಂಡನ ವಿಚಾರ.' ಗಂಡನ ವಿಚಾರ ಎಂದರೆ ನನ್ನ ಕಸುಬಿನ ಅರ್ಧ ಅನ್ನ. ದಿಂಬು ತಟ್ಟಿ ಕಾದು ಕೂತೆ.

ಮೊದಲು ಚಕ್ರದ ಸದ್ದು ಬಂತು. ಕೈಗಾಡಿಯ ಮೇಲೆ ಕಟ್ಟಿದ ಸಣ್ಣ ಸಿಲಿಂಡರು, ಅದರ ಹಿಂದೆ ನಳಿಗೆ, ನಳಿಗೆಯ ಹಿಂದೆ ಪ್ರೂಫಮ್ಮ. ನೀಲಿ ಸೀರೆ. ಮೊಣಕೈ ಹಿಡಿದುಕೊಂಡಿದ್ದ ನಾದಿನಿ ಅವಳನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ನನ್ನನ್ನು ಒಮ್ಮೆ ನೋಡಿ, ಬಾಗಿಲೆಳೆದುಕೊಂಡು ಹೋದಳು.

ಪ್ರೂಫಮ್ಮ ಉಸಿರು ಹಿಂದಕ್ಕೆ ಬರುವವರೆಗೆ ಸುತ್ತ ನೋಡಿದಳು.

"ನನ್ನ ದೀಪ. ನನ್ನ ಜಮಖಾನ. ನನ್ನ ಗಿಡ. ನನ್ನ ಕುರ್ಚಿ." ಒಂದೊಂದಕ್ಕೂ ಮುಂಚೆ ತಯಾರಿ. "ನಾನೊಬ್ಬಳೇ ಬಾಕಿ ಇದ್ದೆ, ಇಲ್ಲಿಗೆ ಬರಕ್ಕೆ."

ನಾನು ಎದ್ದು ನಿಂತಿದ್ದೆ. "ಇದೇನು ಹುಚ್ಚು? ಹೇಳಿದ್ರೆ ನಾನೇ..."

"ಕೂತ್ಕೊಳ್ಳಿ ಡಾಕ್ಟ್ರೇ. ನನ್ನ ಹೊತ್ತು ಶುರುವಾಗಿದೆ."

"ನಾನು ಡಾಕ್ಟರಲ್ಲ."

"ಗೊತ್ತು. ನಿಮ್ಮ ಪ್ರಬಂಧ ತಿದ್ದಿದವಳು ನಾನೇ."

ಕೂತೆ. ಹಸಿರು ತೊಪ್ಪಿಯ ಕೆಳಗಿನ ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. ನಾನು ಅವಳ ಮುಖವನ್ನು ಎದುರಿಗಿಟ್ಟುಕೊಂಡು ಯಾವಾಗ ನೋಡಿದ್ದೆನೋ. ಕೆನ್ನೆಯೊಳಗೆ ಎರಡು ಗುಳಿ ಬಿದ್ದಿವೆ. ಬಾಗಿಲಿನಿಂದ ಅದು ಕಾಣುವುದಿಲ್ಲ.

"ನನ್ನ ಗಂಡನ ವಿಚಾರ ಮಾತಾಡ್ಬೇಕು."

"ಹೇಳಿ" ಎಂದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ಬಹುವಚನ ಹಚ್ಚಿದ್ದು ಆಮೇಲೆ ತಿಳಿಯಿತು.

"ಒಳ್ಳೆಯವರು. ಯಾರು ಅತ್ರೂ ಕೂತು ಕೇಳ್ತಾರೆ. ನಾನು ಅಳಲ್ಲ. ಅದೇ ತಪ್ಪಾಯ್ತೇನೋ." ನಕ್ಕಳು. "ದಿನಾ ಬೆಳಿಗ್ಗೆ ಬರ್ತಾರೆ. ಬಾಗಿಲ ಚೌಕಟ್ಟು ಹಿಡ್ಕೊಂಡು ನಿಲ್ತಾರೆ, ಬಿಟ್ರೆ ಮನೆ ಬೀಳತ್ತೇನೋ ಅನ್ನೋ ಹಾಗೆ. 'ಹೇಗಿದೆ ಇವತ್ತು?' ಅಂತ ಕೇಳ್ತಾರೆ. ನನ್ನನ್ನಲ್ಲ. ಮಿಷನ್ನಿನ ಮುಳ್ಳು ನೋಡ್ಕೊಂಡು, ಮಿಷನ್ನನ್ನ."

ಏನಾದರೂ ಹೇಳಬೇಕಿತ್ತು. ಹದಿನಾಲ್ಕು ವರ್ಷದ ಅಭ್ಯಾಸ ನನಗಿಂತ ಮೊದಲು ಬಾಯಿ ತೆರೆಯಿತು.

"ಅದು ನಿಮಗೆ ಹೇಗನ್ನಿಸುತ್ತದೆ?"

ಅವಳು ಎಷ್ಟು ನಕ್ಕಳೆಂದರೆ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಾಲ್ಕು ನಿಮಿಷ, ಗಡಿಯಾರ ಎದುರಿಗೇ ಇತ್ತಲ್ಲ. ನಾನು ಟಿಶ್ಯೂ ಡಬ್ಬವನ್ನು ಎರಡು ಬೆರಳಿನಿಂದ ಅವಳತ್ತ ತಳ್ಳಿದೆ.

ಕೆಮ್ಮು ಇಳಿದ ಮೇಲೆ ಅವಳ ದನಿ ಬೇರೆಯಾಗಿತ್ತು.

"ನಾನು ಸಾಯ್ತಿದೀನಿ ರೀ. ಮನೇಲಿ ಹೇಳಕ್ಕೆ ಹೋದ್ರೆ ತಂಗಿ ಬಾಯಿ ಮುಚ್ಚಿಸ್ತಾಳೆ, ನೀವು ಆಫೀಸಿಗೆ ಬಂದ್ಬಿಡ್ತೀರಿ. ಇಲ್ಲಿ ಏನು ಬೇಕಾದ್ರೂ ಹೇಳ್ಬಹುದು ಅಂತ ನಿಮ್ಮ ಕರಪತ್ರದಲ್ಲಿ ಓದಿದ್ದೆ. ಅದಕ್ಕೇ ಬಂದೆ."

"ಹೂಂ."

"ಹೆದರಿಕೆ ಆಗತ್ತೆ. ಎಲ್ಲಾರಿಗೂ ರಾತ್ರಿ ಅಂತೆ. ನನಗೆ ಈ ಹೊತ್ತು, ನಾಲ್ಕು ಗಂಟೆ. ಬಿಸಿಲು ಹಾಸಿಗೆ ತನಕ ಬಂದು ಹಿಂದಕ್ಕೆ ಹೋಗತ್ತಲ್ಲ, ಆಗ. ಮಾತಾಡೋದು ಬೇಡ. ಸರಿಮಾಡೋದಂತೂ ಬೇಡವೇ ಬೇಡ. ಹಾಸಿಗೆ ಅಂಚಲ್ಲಿ ಯಾರಾದ್ರೂ ಕೂತಿದ್ರೆ ಸಾಕು." ಉಸಿರು. "ಯಾರಾದ್ರೂ ಅಂದ್ರೆ ಯಾರಾದ್ರೂ ಅಲ್ಲ."

ಪಕ್ಕದಲ್ಲಿ ಹಲ್ಲು ಕೊರೆಯುವ ಸದ್ದು ಎಷ್ಟೋ ಸಲ ಬಂದು ನಿಂತಿತು. ಅವಳ ಕೈ ಕುರ್ಚಿಯ ಸವೆದ ತೋಳಿನ ಮೇಲಿತ್ತು, ಎರಡಡಿ ದೂರದಲ್ಲಿ. ನನ್ನ ಕೈ ನನ್ನ ಕುರ್ಚಿಯ ತೋಳಿನಿಂದ ಏಳಲಿಲ್ಲ. ಏಳಲಿ ಎಂದು ಕಾದೆ. ಇನ್ನೊಂದು ನಿಮಿಷವಿದ್ದರೆ ಏಳುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಅಷ್ಟರಲ್ಲಿ ಅವಳ ತಲೆಯ ಮೇಲಿನಿಂದ ಮುಳ್ಳು ಹತ್ತಕ್ಕೆ ಬಂತು, ಮತ್ತು ನಾನು, ಮೃದುವಾಗಿ, ಹೇಳಿದೆ:

"ಇವತ್ತಿಗೆ ಇಷ್ಟು ಸಾಕು."

ಪ್ರೂಫಮ್ಮ ಹಿಂದಿನ ಗೋಡೆಯತ್ತ ಕತ್ತು ತಿರುಗಿಸಿ ಗಡಿಯಾರ ನೋಡಿದಳು.

"ಓ, ಅಲ್ಲಿಟ್ಟಿದೀರಾ" ಎಂದಳು. "ಸರಿ. ಮುಂದಿನ ಗುರುವಾರ ಇದೇ ಹೊತ್ತಿಗೆ ಬರ್ಕೊಳ್ಳಿ."

ಏಳುವಾಗ ಕನ್ನಡಿಯಲ್ಲಿ ನೋಡಿಕೊಂಡು ನಳಿಗೆ ನೇರ ಮಾಡಿಕೊಂಡಳು. ಎಲ್ಲರಂತೆ ಅವಳೂ ಒಂದು ಮುಖ ಹಾಕಿಕೊಂಡು ಹೋದಳು.

ಐದು ಗಂಟೆಯವರು ಬಂದಿದ್ದಾರೆ.

ಜುಲೈ ೧೯, ಶುಕ್ರವಾರ

ಮೂರು ತಿಂಗಳಲ್ಲಿ ಮೊದಲ ಬಾರಿಗೆ ಮನಸ್ಸು ನಿರಾಳವಾಗಿದೆ. ಗುರುವಾರವಿದೆಯಲ್ಲ! ಐವತ್ತು ನಿಮಿಷ ಅವಳದೇ. ಹೇಳಬೇಕಾದದ್ದೆಲ್ಲ ಹೇಳಿಬಿಡುತ್ತೇನೆ. ಟಿಶ್ಯೂ ಡಬ್ಬ ತೆಗೆದಿಡುತ್ತೇನೆ. ಎದುರು ಕೂರುವುದಿಲ್ಲ, ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಳ್ಳುತ್ತೇನೆ. ಏನೇನು ಹೇಳಬೇಕೆಂದು ಹಿಂದಿನ ಪುಟದಲ್ಲಿ ಪಟ್ಟಿ ಮಾಡಿದ್ದೇನೆ, ಹನ್ನೊಂದು ಅಂಶಗಳಾದವು.

ಬೆಳಿಗ್ಗೆ ಅವಳ ಬಾಗಿಲಲ್ಲಿ ನಿಂತಾಗ ಮುಗುಳ್ನಕ್ಕೆ. ಅವಳೂ ನಕ್ಕಳು. ನಿನ್ನೆ ಹೋಗಿಬಂದ ದಣಿವಿಗೋ ಏನೋ, ಕಣ್ಣು ಮುಚ್ಚಿಕೊಂಡಳು.

ಜುಲೈ ೨೨, ಸೋಮವಾರ

ಗುಟ್ಟು ಬಯಲಾಯಿತು. ಪ್ರೂಫಮ್ಮ ಫೋನು ಮಾಡಿ ಹೊತ್ತು ಕೇಳಿದಳಂತೆ. ಸ್ವಾಗತಕಾರಿಣಿ ಲಿಫ್ಟ್ ರಿಪೇರಿಯವರಿಗೆ ಹೇಳಿದಳಂತೆ. ಅವರು ಬುಧವಾರವಿಡೀ ಬಾವಿಯೊಳಗೆ ನೇತಾಡಿ ಸರಿಮಾಡಿದರಂತೆ.

"ಯಾರಿಗೆ ಅಂತ ಹೇಳ್ಲಿಲ್ಲ ಸರ್ ನಾನು. ಉಸಿರಿಲ್ಲದೋರು ಒಬ್ರು ಬರ್ತಾರೆ ಅಂದೆ ಅಷ್ಟೆ."

ಗುರುವಾರ ಇನ್ನೊಮ್ಮೆ ಪರೀಕ್ಷೆ ಮಾಡಲು ಅವರಿಗೆ ಹೇಳಿಸಿದೆ. ಬೆತ್ತದ ಕುರ್ಚಿಗೆ ಮೆತ್ತನೆಯ ಹೊಸ ದಿಂಬು ತಂದೆ. ಕಿಟಕಿಗೆ ಪರದೆ. ಕೋಣೆ ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ಹನ್ನೊಂದು ಅಂಶ ಹದಿನಾಲ್ಕಾಗಿದೆ.

ಜುಲೈ ೨೩, ಮಂಗಳವಾರ

ಬೆಳಿಗ್ಗೆ ಹೊರಡುವಾಗ ಅವಳೇ ಕರೆದಳು. ದನಿ ಯಂತ್ರದ ಸದ್ದಿಗಿಂತ ಸಣ್ಣದು.

"ರೀ. ಒಳಗೆ ಬನ್ನಿ."

"ಗುರುವಾರ ನಿನಗೆ ಆಶ್ಚರ್ಯ ಕಾದಿದೆ" ಎಂದೆ, ಚೌಕಟ್ಟಿನ ಬಳಿಯಿಂದ. "ಅಲ್ಲಿ ಚೆನ್ನಾಗಿ, ಸಾವಕಾಶವಾಗಿ ಮಾತಾಡೋಣ. ಎಲ್ಲ ಬರೆದಿಟ್ಟಿದೀನಿ."

"ಗುರುವಾರ ದೂರ ಇದೆ ರೀ."

"ನಡುವೆ ಒಂದೇ ದಿನ."

ಅವಳು ನನ್ನನ್ನೇ ನೋಡುತ್ತಿದ್ದಳು, ಆಮೇಲೆ ತಲೆಯಾಡಿಸಿದಳು. ಮಗ್ಗಿ ತಪ್ಪು ಹೇಳಿದ ಮಗುವಿಗೆ ಮೇಷ್ಟ್ರು ತಲೆಯಾಡಿಸುವ ಹಾಗೆ, ಬೈಯದೆ. ನಾದಿನಿ ಹಿಂದಿನಿಂದ, "ಊರಿಗೆ ಉಪಕಾರಿ" ಎಂದು ಗಾದೆಯ ಅರ್ಧ ಮಾತ್ರ ಹೇಳಿ ಪಾತ್ರೆ ಕುಕ್ಕಿದಳು. ಉಳಿದರ್ಧ ನನಗೆ ಗೊತ್ತಿದೆ.

ಹತ್ತಕ್ಕೆ ಬಂದವರು ಐವತ್ತು ನಿಮಿಷವೂ ಪಕ್ಕದ ಮನೆಯ ನಾಯಿಯ ವಿಚಾರ ಹೇಳಿದರು. ಗಮನವಿಟ್ಟು ಕೇಳಿದೆ.

ಜುಲೈ ೨೪, ಬುಧವಾರ

ಮಧ್ಯಾಹ್ನ. ಗೋಡೆಯಿಂದ ಗಡಿಯಾರದ ಮೊಳೆ ಕೀಳುತ್ತಿದ್ದೆ, ನಾಳೆಗೆ.

ನಾದಿನಿಯ ಫೋನು. "ಭಾವ, ಹೋಗ್ಬಿಟ್ಳು" ಎಂದಳು.

ಸುತ್ತಿಗೆಯನ್ನು ಎಲ್ಲಿ ಇಟ್ಟೆನೋ ತಿಳಿಯದು. ಗಂಟೆ ಎಷ್ಟೆಂದು ನೋಡಲು ಗೋಡೆಯತ್ತ ತಿರುಗಿದೆ. ಗೋಡೆಯಲ್ಲಿ ದುಂಡಗೆ ಬಿಳಿ ಕಲೆ.

ಜುಲೈ ೨೫, ಗುರುವಾರ

ಬೆಳಿಗ್ಗೆ ಎಲ್ಲ ಮುಗಿಯಿತು. ನಡುಮನೆಯ ತುಂಬ ಜನ. ಲಿಫ್ಟ್ ರಿಪೇರಿಯವರೂ ಬಂದಿದ್ದರು, ಸ್ವಾಗತಕಾರಿಣಿಯ ಜೊತೆ. ಅವರು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ತುಂಬ ಹೊತ್ತು ಕೂತಿದ್ದರು. ಅವರು ಎದ್ದುಹೋದ ಮೇಲೆ ಆ ಕಡೆ ತಣ್ಣಗಾಯಿತು.

ಮೂರೂವರೆಗೆ ಎದ್ದು ಚಪ್ಪಲಿ ಹುಡುಕಿದೆ. ಚಪ್ಪಲಿ ಆಫೀಸಿನ ಕೆಳಗಿನ ಖಾನೆಯಲ್ಲಿದೆ.

"ಎಲ್ಲಿಗೆ ಭಾವ?" ನಾದಿನಿ.

"ನಾಲ್ಕು ಗಂಟೆಗೆ ಒಬ್ಬರಿಗೆ ಹೊತ್ತು ಕೊಟ್ಟಿದೀನಿ."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನನ್ನ ಕೈ ಹಿಡಿದು ಮಲಗುವ ಕೋಣೆಯ ತನಕ ಕರೆದುಕೊಂಡು ಬಂದು, ಬಾಗಿಲಲ್ಲಿ ಬಿಟ್ಟಳು. "ಅವಳ ವಿಳಾಸ ಇದು" ಎಂದಳು.

ಒಳಗೆ ಬಂದೆ. ಚೌಕಟ್ಟು ಬಿಟ್ಟರೂ ಮನೆ ಬೀಳಲಿಲ್ಲ.

ಯಂತ್ರ ನಿಂತಿದೆ. ಈ ಕೋಣೆ ಆಫೀಸಿಗಿಂತ ನಿಶ್ಶಬ್ದ. ಕೂರಲು ಕುರ್ಚಿಯಿಲ್ಲ, ಹಾಸಿಗೆಯ ಅಂಚಿನಲ್ಲಿ ಕೂತೆ. ಚಿಕ್ಕ ಮೇಜಿನ ಮೇಲೆ ಅವಳ ಕನ್ನಡಕ, ಪೆನ್ಸಿಲು, ಕೆಳಗೆ ನನ್ನ ಕರಪತ್ರದ ಕರಡು. ಪ್ರಶ್ನೆಚಿಹ್ನೆ ಇಟ್ಟಲ್ಲೇ ಇದೆ. ಉತ್ತರ ಕೊಡದೆ ಕರಡು ಹಿಂತಿರುಗಿಸಬಾರದು ಎಂಬುದು ಅವರ ಕಡೆಯ ರೂಢಿ. ಅವಳ ಪೆನ್ಸಿಲಿನಿಂದಲೇ ಪಕ್ಕದಲ್ಲಿ ಬರೆದೆ: 'ಪರಿಶೀಲಿಸಿದೆ. ಸಂಗತಿ ನಿಜವಲ್ಲ.'

ಸಾಲನ್ನು ಹೊಡೆದುಹಾಕಿದೆ.

ನಿನ್ನೆ ಕೈಯಲ್ಲೇ ಮನೆಗೆ ಬಂದ ಈ ಪುಸ್ತಕದ ಹಿಂದಿನ ಪುಟದಲ್ಲಿ ಹದಿನಾಲ್ಕು ಅಂಶಗಳ ಪಟ್ಟಿಯಿದೆ. ತೆಗೆದು ನೋಡಲಿಲ್ಲ. ಮಾತಾಡೋದು ಬೇಡ ಎಂದಿದ್ದಳು.

ಸ್ವಾಗತಕಾರಿಣಿ ಫೋನು ಮಾಡಿದಳು. ಅಳುತ್ತಿದ್ದಳು. "ಸರ್, ಪುಸ್ತಕದಲ್ಲಿ ನಾಲ್ಕು ಗಂಟೆಯದು ಹೊಡೆದು ಹಾಕ್ಲಾ?"

"ಬೇಡ. ನಡೀತಿದೆ" ಎಂದೆ.

ನಾದಿನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ. "ಭಾವ, ಹೊರಗೆ ಜನ ಕೇಳ್ತಿದಾರೆ. ಇನ್ನೆಷ್ಟು ಹೊತ್ತು?"

ಈ ಕೋಣೆಯಲ್ಲಿ ಗಡಿಯಾರವಿಲ್ಲ. ಬಿಸಿಲು ಕಿಟಕಿಯಿಂದ ನೆಲಕ್ಕೆ, ನೆಲದಿಂದ ಹಾಸಿಗೆಗೆ ಬಂತು. ಅವಳ ತಲೆ ಇರುತ್ತಿದ್ದ ಕಡೆ ಸ್ವಲ್ಪ ನಿಂತಿತು. ಈಗ ಹಿಂದಕ್ಕೆ ಹೋಗುತ್ತಿದೆ. ಹೆದರಿಕೆ ಆಗುತ್ತದೆ ಎಂದಿದ್ದಳಲ್ಲ, ನಿಜ, ಆಗುತ್ತದೆ.

ಕೂತಿದ್ದೇನೆ.